ಒಂಬತ್ತು ಲಕ್ಷದ ಅಪ್ಪ

“ನಿನ್ನ ಕಾಲೇಜು ನನ್ನ ಥಾಪಿ ಮ್ಯಾಲೆ ನಡೀತದ ಮಗಳ. ಯಾರ ಮುಂದೂ ಕೈ ಚಾಚಾಕ ಬಿಡಂಗಿಲ್ಲ. ಇದು ನನ್ನ ಮಾತು!”

ಪವಾಯಿಯಲ್ಲಿ ಹದಿನೇಳನೇ ಮಹಡಿಯ ಗಿಲಾವು ಮುಗಿಸಿ, ಕೈಯನ್ನೂ ಸಿಮೆಂಟು ಮೆತ್ತುವ ಥಾಪಿಯನ್ನೂ ತೊಳೆಯುತ್ತಾ ಗೌಂಡಿ ಹಣಮಂತ ಈ ಮಾತು ಕೊಟ್ಟಾಗ ಮಹಾದೇವಿ ಏಳನೇ ಕ್ಲಾಸು.

ಈಗ ಅವಳಿಗೆ ಇಪ್ಪತ್ತು. ಡಿಪ್ಲೊಮಾದಲ್ಲಿ ಕಾಲೇಜಿಗೇ ಮೊದಲು. ವಿಲೆ ಪಾರ್ಲೆಯಲ್ಲಿ ನೇರ ಎರಡನೇ ವರ್ಷದ ಇಂಜಿನಿಯರಿಂಗ್ ಸೀಟೂ ಸಿಕ್ಕಿತ್ತು. ಆದರೆ ಫೀ...? ಉಳಿದಿದ್ದು ಒಂದೇ ದಾರಿ, ಸ್ಕಾಲರ್‌ಶಿಪ್. ಸೋಮವಾರ ಕೊನೆಯ ದಿನ.

ಶನಿವಾರ, ಅರ್ಜಿ ಕಿಟಕಿಯಾಚೆ ಕೂತಿದ್ದ ಯುವಕ ತಲೆ ಎತ್ತಿದ. ಯಲ್ಲಾಲಿಂಗ, ಕೊನೆಯ ವರ್ಷದ ವಿದ್ಯಾರ್ಥಿ, ಸ್ವಯಂಸೇವಕ ಎಂದು ಕೊರಳ ಕಾರ್ಡು ಹೇಳುತ್ತಿತ್ತು.

“ಮ್ಯಾಡಮ್, ಒಂಬತ್ತು ಲಕ್ಷ ಇನ್‌ಕಮ್? ಲಿಮಿಟ್ ಮೂರೇ ಲಕ್ಷ. ಪಪ್ಪಾ ಬಿಲ್ಡರಾ?”

ಮಹಾದೇವಿ ಕಿಟಕಿಯೊಳಗೆ ಬಗ್ಗಿ ಕಾಗದ ನೋಡಿದಳು. ಒಂಬತ್ತು ಲಕ್ಷ! ಅಪ್ಪ ಬರೆದು, ಸಹಿ ಹಾಕಿ, ಮಡಚಿ ಕೊಟ್ಟಿದ್ದ. ಅವಳು ಬಿಚ್ಚಿ ನೋಡಿರಲಿಲ್ಲ.

‘ಸುಳ್ಳು ಅನ್ನಲೇ? ಈ ನಗುಮೊಗದವನ ಮುಂದೆ ನನ್ನ ಅಪ್ಪನನ್ನು ಸುಳ್ಳುಗಾರ ಮಾಡಲೇ...?’

“ಹೌದು. ನಮ್ಮಪ್ಪ ಬಿಲ್ಡಿಂಗ್ ಕಟ್ತಾರ. ಏನೀಗ?”

ಅರ್ಜಿಯನ್ನು ಅಲ್ಲೇ ಬಿಟ್ಟು, ತಲೆ ಎತ್ತಿಯೇ ನಡೆದಳು. ಗೇಟು ದಾಟಿದ ಮೇಲೆ ಕಣ್ಣು ತುಂಬಿತು.

ಭಾನುವಾರ ಮಧ್ಯಾಹ್ನ ಅವನೇ ಫೈಲು ಹಿಡಿದು ಚಾಳಿನಲ್ಲಿ ಅವರ ಒಂಟಿ ಕೋಣೆಯ ಬಾಗಿಲಲ್ಲಿ ನಿಂತಿದ್ದ!

“ಹಣಮಂತ ಅಂಕಲ್ ನೀವೇನಾ? ಮಹಾದೇವಿ ಬಗ್ಗೆ ಸ್ವಲ್ಪ ಮಾತಾಡೋದಿತ್ತು. ಮನೆ ಸ್ವಂತದ್ದಾ? ಕಮಾಯಿ ಎಷ್ಟು?”

ಇಸ್ತ್ರಿ ಅಂಗಿಯ ಹುಡುಗ, ಬಾಯಲ್ಲಿ ಮಗಳ ಹೆಸರು, ಮೇಲೆ ಮನೆ, ಕಮಾಯಿ... ಹಣಮಂತನಿಗೆ ಇನ್ನೇನು ಬೇಕು! ಪಕ್ಕದ ಖೋಲಿಯ ರುಕ್ಮಿಣಿಬಾಯಿಯಿಂದ ಕುರ್ಚಿ ಬಂತು. ಹೆಣ್ಣು ನೋಡಲು ಬಂದವರಿಗೆ ಕೊಡುವ ಈರುಳ್ಳಿ ಅವಲಕ್ಕಿ, ಕಾಂದಾಪೋಹೆಯೂ ಬಂತು.

“ಕುಂದರ್ರಿ ತಮ್ಮಾ. ಯಾವೂರವರು?”

“ನಾನು ಇಲ್ಲೇ ಹುಟ್ಟಿದ್ದು. ಪಪ್ಪಾ ಸುರಪುರ ಕಡೆ.”

“ಹಂಗಂದ್ರ ನಮ್ಮವರ! ನೋಡ್ರಿ, ವರ್ಷಕ್ಕ ಹತ್ತು ಲಕ್ಷಕ್ಕ ಮೋಸ ಇಲ್ಲ. ಪವಾಯ್ಯಾಗ ಫ್ಲ್ಯಾಟ್ ನೋಡಾಕತ್ತೀವಿ...”

“ಮುಲಗಾ ಛಾನ್ ಆಹೆ!” ಹುಡುಗ ಚೆನ್ನಾಗಿದ್ದಾನೆ ಎಂದು ರುಕ್ಮಿಣಿಬಾಯಿ ಬಾಗಿಲಿಂದಲೇ ಮರಾಠಿಯಲ್ಲಿ ಪಾಸು ಮಾಡಿದಳು.

ಮಹಾದೇವಿಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು.

“ಮತ್ತ ತಮ್ಮಾ... ಹುಡುಗಿ ಮನಸಿಗೆ ಬಂದಳಲ್ಲ?”

ಯಲ್ಲಾಲಿಂಗನ ಗಂಟಲಲ್ಲಿ ಪೋಹೆ ನಿಂತಿತು.

“ಅಂಕಲ್... ನಾನು ಸ್ಕಾಲರ್‌ಶಿಪ್ ಕಡೆಯಿಂದ. ಮನೆ ನೋಡಿ ರಿಪೋರ್ಟ್ ಕೊಡೋದು ನನ್ನ ಕೆಲಸ.”

ಹಣಮಂತನ ಮುಖ ಕಪ್ಪಿಟ್ಟಿತು. ಮಹಾದೇವಿಗೆ ತಡೆಯಲಾಗಲಿಲ್ಲ.

“ನಮ್ಮ ಬಡತನ ನೋಡಿ ನಗಾಕ ಬಂದ್ರೇನು? ನೋಡಿದ್ರಲ್ಲ? ನಡೀರಿನ್ನ!”

“ನಗೋಕಲ್ಲ...” ಅವನ ದನಿ ತಗ್ಗಿತು. “ಅರ್ಜಿ ಮೇಲೆ ಸಿಮೆಂಟಿನ ಹೆಬ್ಬೆರಳ ಗುರುತಿತ್ತು. ಒಂಬತ್ತು ಲಕ್ಷದವರ ಕೈ ಹಾಗಿರಲ್ಲ. ನಂಗೊತ್ತು. ನಮ್ಮ ಪಪ್ಪಾ ದಾದರ್ ಸ್ಟೇಷನ್‌ನಲ್ಲಿ ಹಮಾಲ.”

ಅವನು ಫೈಲಿನಿಂದ ಅರ್ಜಿ ತೆಗೆದು ಹಣಮಂತನ ಮುಂದಿಟ್ಟ.

“ನನ್ನ ಅರ್ಜೀಲಿ ಅವರು ನಿಜ ಬರೆದಾಗ ನಾಚಿಕೆಯಿಂದ ಅತ್ತುಬಿಟ್ಟಿದ್ದೆ ಅಂಕಲ್. ‘ಮಾರ್ಕ್ಸ್ ನಿಂದು, ಕಮಾಯಿ ನಂದು. ಎರಡೂ ಬೆವರಿಂದೇ ಬಂದಿದ್ದು. ಯಾವುದನ್ನ ಮುಚ್ಚಿಡ್ಲಿ?’ ಅಂದ್ರು.”

“ಯಾರ ಮುಂದೂ ಕೈ ಚಾಚಾಕ ಬಿಡಂಗಿಲ್ಲಂತ ನಾ ಮಗಳಿಗೆ ಮಾತು ಕೊಟ್ಟೀನಿ ತಮ್ಮಾ. ಬಡವ ಅಂತ ಹ್ಯಾಂಗ ಬರೀಲಿ...?”

“ಇದು ಕೈ ಚಾಚೂದಲ್ಲ ಅಪ್ಪಾ,” ಮಹಾದೇವಿ ಅವನ ಪಕ್ಕ ಕೂತಳು. “ನಾ ಗಳಿಸಿದ್ದು.”

ಹಣಮಂತ ಪೆನ್ನು ಕೇಳಿದ. ಒಂಬತ್ತು ಲಕ್ಷ ಹೊಡೆದುಹಾಕಿದ. ಇಟ್ಟಿಗೆ ಇಟ್ಟ ಹಾಗೆ ಒಂದೊಂದೇ ಅಕ್ಷರ ಇಟ್ಟು, ರುಕ್ಮಿಣಿಬಾಯಿಗೂ ಕೇಳುವಂತೆ ಗಟ್ಟಿಯಾಗಿ ಓದಿದ:

“ಒಂದು ಲಕ್ಷ ಎಂಬತ್ತು ಸಾವಿರ. ಕೆಲಸ, ಗೌಂಡಿ.”

ಮಹಾದೇವಿಗೆ ಸ್ಕಾಲರ್‌ಶಿಪ್ ಬಂತು. ಮೂರು ವರ್ಷ ಕಳೆದವು. ಯಲ್ಲಾಲಿಂಗನಿಗೆ ನೌಕರಿ ಸಿಕ್ಕಿತು. ಆದರೂ ಪ್ರತಿ ಜೂನ್‌ನಲ್ಲಿ ರಜೆ ಹಾಕಿ ಬಂದು ಕ್ಯೂನಲ್ಲಿದ್ದ ಮಕ್ಕಳ ಫಾರ್ಮು ತುಂಬಿಸುತ್ತಿದ್ದ. ಮಹಾದೇವಿಯದೂ.

ಪದವಿ ಪ್ರದಾನದ ದಿನ ಕಪ್ಪು ಗೌನಿನಲ್ಲಿ ಹೊರಬಂದವಳ ಮುಂದೆ ಅವನು ತಡವರಿಸಿದ.

“ಆ ಭಾನುವಾರ ನಿಮ್ಮಪ್ಪ ಒಂದು ಪ್ರಶ್ನೆ ಕೇಳಿದ್ರು... ನಾನು ಉತ್ತರಾನೇ ಕೊಡ್ಲಿಲ್ಲ.”

“ಯಾವ ಪ್ರಶ್ನಿ?” ಗೊತ್ತಿದ್ದೂ ಕೇಳಿದಳು.

“ಹುಡುಗಿ ಮನಸಿಗೆ ಬಂದಳಾ ಅಂತ. ಕಿಟಕೀಲಿ ‘ಏನೀಗ’ ಅಂದಾಗ್ಲೇ ಬಂದಿದ್ಳು.”

“ಮತ್ತ ಮೂರು ವರ್ಷ ಬಾಯಿ ಮುಚ್ಕೊಂಡು ಕುಂತಿದ್ರಿ?”

“ನಿಮ್ಮ ಅರ್ಜಿ ನನ್ನ ಕೈಯಲ್ಲಿತ್ತಲ್ಲ ಮಹಾದೇವಿ. ಆಗ ಕೇಳಿದ್ರೆ ಉಪಕಾರಕ್ಕೆ ಬೆಲೆ ಕೇಳಿದ ಹಾಗೆ.”

ಅವಳ ಕಣ್ಣು ಮಂಜಾಯಿತು. ‘ಇಷ್ಟು ದಿನ ನನ್ನ ಮಾನ ಕಾದವನು ಇವನೇ...’

“ಭಾನುವಾರ ಮನಿಗೆ ಬರ್ರಿ. ಈ ಸಲ ಫೈಲ್ ತರಬ್ಯಾಡ್ರಿ.”

“ಪೋಹೆ...?”

“ನಾನ ಮಾಡ್ತೀನಿ!”

ಅತ್ತ ಹಣಮಂತ ಸಭಾಂಗಣದ ಗೋಡೆ ಸವರಿ “ಗಿಲಾವು ಸಪಾಟಿಲ್ಲ” ಎಂದು ಗೊಣಗಿದ. ಮರುಗಳಿಗೆಯೇ ಪಕ್ಕದಲ್ಲಿದ್ದ ಅಪರಿಚಿತರಿಗೆ ಹೇಳಿದ: “ಅಲ್ಲಿ ನಿಂತಾಳಲ್ಲ, ನನ್ನ ಮಗಳ್ರೀ. ಸ್ಕಾಲರ್‌ಶಿಪ್ ಮ್ಯಾಲೆ ಓದ್ಯಾಳ!”

ತನ್ನ ಥಾಪಿಯ ದುಡಿಮೆಯಲ್ಲೇ ಓದಿಸುತ್ತೇನೆಂದು ಹಣಮಂತ ಕೊಟ್ಟಿದ್ದ ಮಾತು ಉಳಿಯಲಿಲ್ಲ.