ಕೆಂಪು ಕಾರಿನ ಗುಡುಗುಡು

"ಗುಡುಗುಡು... ಠಣ್!"

ಟೆಸ್ಟಿಂಗ್ ಲೇನಿನಲ್ಲಿ ಕೆಂಪು ಕಾರು ಗಕ್ಕನೆ ನಿಂತಿತು. ಸ್ಟಿಯರಿಂಗ್ ಹಿಡಿದಿದ್ದ ಇನ್ಸ್‌ಪೆಕ್ಟರ್ ಹಿಬಾ ಮೇಡಂ ಕತ್ತು ತಿರುಗಿಸಿ ಹಿಂದೆ ನೋಡಿದರು. ಸ್ವಲ್ಪ ಮುಂದೆ ಓಡಿಸಿ ಮತ್ತೆ ಬ್ರೇಕ್ ಒತ್ತಿದರು.

"ಗುಡುಗುಡು... ಠಣ್!"

ಹಳದಿ ಗೆರೆಯ ಈಚೆ ನಿಂತಿದ್ದ ಪಪ್ಪನ ಮುಖ ಬಿಳಿಚಿಕೊಂಡಿತು. ಪಕ್ಕದಲ್ಲಿದ್ದ ಸಮೀಕ್ಷಾಳಿಗಂತೂ ಜೀವ ಬಾಯಿಗೆ ಬಂತು. ಆ ಸದ್ದು ಏನೆಂದು ಇಡೀ ಮಸ್ಕತ್ತಿನಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೇ.

ಅದು ತೆಂಗಿನಕಾಯಿ.

ಆ ಕಾರು ಶೋರೂಮಿನಿಂದ ತಂದದ್ದಲ್ಲ. ಕಿಟ್ ಕಾರು. ದೊಡ್ಡ ದೊಡ್ಡ ಪೆಟ್ಟಿಗೆಗಳಲ್ಲಿ ಬಿಡಿಬಿಡಿಯಾಗಿ ಬಂದಿತ್ತು. ಪಪ್ಪ ವಾರವಿಡೀ ಅಲ್ ಖುವೈರಿನ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂರುವವರು. ಶುಕ್ರವಾರ ಬಂತೆಂದರೆ ಗೆಳೆಯ ಸ್ಟ್ಯಾನಿ ಅಂಕಲ್‌ನ ಶೆಡ್ಡಿಗೆ ಹೋಗಿ, ಮೈಯೆಲ್ಲ ಗ್ರೀಸ್ ಮಾಡಿಕೊಂಡು ಅದನ್ನು ಜೋಡಿಸುತ್ತಿದ್ದರು. ಸಮೀಕ್ಷಾ ಎರಡನೇ ಕ್ಲಾಸಿನಲ್ಲಿದ್ದಾಗ ಶುರುವಾದ ಕೆಲಸ, ಅವಳು ಐದನೇ ಕ್ಲಾಸಿಗೆ ಬಂದಾಗ ಮುಗಿಯಿತು. ಕಾರಿಗೆ ಮೇಲೆ ಟಾಪ್ ಇಲ್ಲ. ಸೀಟು ಎರಡೇ. "ನಾವು ಇರುವುದು ಮೂರು ಜನ, ಗೊತ್ತುಂಟಲ್ಲ?" ಎಂದು ಮಮ್ಮಿ ಕೇಳಿದರೆ ಮಾತ್ರ ಪಪ್ಪನಿಗೆ ಕಿವಿ ಕೇಳಿಸುತ್ತಿರಲಿಲ್ಲ.

ನಂಬರ್ ಕೊಡುವ ಮುಂಚಿನ ಈ ಟೆಸ್ಟಿನಲ್ಲಿ ಮೊದಲ ಸಲ ಲೈಟು ಸರಿಯಿಲ್ಲ ಎಂದು ವಾಪಸ್ ಕಳಿಸಿದ್ದರು. ಈಗ ಸ್ಟ್ಯಾನಿ ಅಂಕಲ್ ಶೆಡ್ಡು ಖಾಲಿ ಮಾಡಿ ಊರಿಗೆ ಹೊರಟಿದ್ದಾರೆ. ಕಾರು ಇಡಲು ಬೇರೆ ಜಾಗವಿಲ್ಲ. ಈ ಸಲವೂ ಪಾಸಾಗದಿದ್ದರೆ ಎಲ್ಲ ಬಿಚ್ಚಿ ಮಾರಿಬಿಡುತ್ತೇನೆ ಎಂದು ಪಪ್ಪ ಮಮ್ಮಿಗೆ ಮಾತು ಕೊಟ್ಟಿದ್ದರು.

ಇಂಥ ಕಾರಿನೊಳಗೆ ತೆಂಗಿನಕಾಯಿ ಹೇಗೆ ಬಂತು? ಅದಕ್ಕೆ ಊರಿನಲ್ಲಿರುವ ಪಪ್ಪನ ಅಮ್ಮ, ಮೂಲ್ಕಿಯ ಕುಸುಮಜ್ಜಿ ಕಾರಣ.

"ಮಗಾ, ಹೊಸ ಗಾಡಿಗೆ ಒಂದು ಕಾಯಿ ಒಡೀದೆ ರೋಡಿಗೆ ಇಳಿಸ್ಬಾರ್ದು," ಎಂದು ಅಜ್ಜಿ ವಿಡಿಯೋ ಕಾಲಿನಲ್ಲಿ ಹೇಳಿದ್ದರು. "ನಿನ್ನ ಅಪ್ಪನಿಗೆ ಹೇಳಿದ್ರೆ ನೆಗಾಡ್ತಾನೆ. ನೀನೇ ನೋಡ್ಕೋ, ಆಯ್ತಾ?"

ಪಪ್ಪ ನಿಜವಾಗಿಯೂ ನಕ್ಕಿದ್ದರು. "ಬೋಲ್ಟ್ ಟೈಟ್ ಇದ್ರೆ ಆಯ್ತಮ್ಮ. ಕಾಯಿ ಬಂದು ಬ್ರೇಕ್ ಹಿಡೀತದಾ?"

ಹಾಗಾಗಿ ಸಮೀಕ್ಷಾ ರೂವಿಯ ಅಂಗಡಿಯಿಂದ ಜುಟ್ಟಿರುವ ಒಂದು ಕಾಯಿ ತಂದು, ಟವೆಲ್ ಸುತ್ತಿ, ಯಾರಿಗೂ ಕಾಣದಂತೆ ಸೀಟಿನ ಹಿಂದೆ ತುರುಕಿದ್ದಳು. ಪಾಸಾದ ಕೂಡಲೇ ಒಡೆಯುವ ಪ್ಲಾನ್ ಅವಳದು. ಆದರೆ ನಂಬರಿಲ್ಲದ ಕಾರನ್ನು ರಿಕವರಿ ಟ್ರಕ್ಕಿನ ಮೇಲೆ ತಂದಾಗ, ಕುಲುಕಾಟಕ್ಕೆ ಟವೆಲ್ ಬಿಚ್ಚಿಕೊಂಡಿರಬೇಕು. ಈಗ ಕಾಯಿ ತಗಡಿನ ಮೇಲೆ ಬೇಕಾದ ಹಾಗೆ ಉರುಳಾಡುತ್ತಿತ್ತು.

ಬೆಳಗ್ಗೆ ಪಪ್ಪ ಕೇಳಿಯೂ ಇದ್ದರು. "ಗಾಡಿ ಪೂರಾ ಖಾಲಿ ಇರ್ಬೇಕಂತೆ. ಒಳಗೆ ಎಂತ ಸಾ ಇಲ್ಲ ಅಲ್ವಾ?"

"ಇಲ್ಲ ಪಪ್ಪ," ಎಂದಿದ್ದಳು ಸಮೀಕ್ಷಾ. ಮಾತು ತಪ್ಪಿಸಲು ಅವರ ಉಬ್ಬಿದ ಪ್ಯಾಂಟ್ ಜೇಬನ್ನು ತೋರಿಸಿ, "ನಿಮ್ಮ ಪಾಕೆಟ್ ಯಾಕೆ ಇಷ್ಟು ದಪ್ಪ?" ಎಂದು ಕೇಳಿದ್ದಳು.

"ಅದಾ? ನಟ್ಟು ಬೋಲ್ಟು. ಸ್ಪೇರ್," ಎಂದಿದ್ದರು ಪಪ್ಪ.

ಹಿಬಾ ಮೇಡಂ ಕಾರಿನಿಂದ ಇಳಿದು ಬಂದರು. ತಲೆಗೆ ಸುತ್ತಿದ್ದ ಕಪ್ಪು ಶೈಲಾದ ಅಂಚನ್ನು ಸರಿಮಾಡಿಕೊಂಡು, ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು: "ಬ್ರೇಕ್ ಚೆನ್ನಾಗಿದೆ. ಲೈಟೂ ಓಕೆ. ಆದರೆ ಹಿಂದೆ ಏನೋ ಲೂಸ್ ಆಗಿದೆ. ಹೀಗೆ ನಾನು ಪಾಸ್ ಮಾಡಲಾರೆ. ಲಂಚ್‌ನೊಳಗೆ ಸರಿ ಮಾಡಿದರೆ ಇವತ್ತೇ ಮತ್ತೆ ನೋಡುತ್ತೇನೆ. ಇಲ್ಲವಾದರೆ ಖಲಾಸ್, ಹೊಸ ಡೇಟ್ ತೆಗೆದುಕೊಳ್ಳಿ."

ಕಾರನ್ನು ಹೊರಗೆ ನೆರಳಿಗೆ ತಳ್ಳಿದರು. ಪಪ್ಪ ರಟ್ಟು ಹಾಸಿ, ಜೇಬನ್ನು ಜೋಪಾನವಾಗಿ ಒಂದು ಕೈಯಲ್ಲಿ ಹಿಡಿದುಕೊಂಡು ಕಾರಿನಡಿಗೆ ತೂರಿದರು. ಒಂದೊಂದೇ ಬೋಲ್ಟನ್ನು ಅಲ್ಲಾಡಿಸಿದರು. ಒಂದೂ ಅಲ್ಲಾಡಲಿಲ್ಲ. ಅಲ್ಲಾಡುವುದಾದರೂ ಹೇಗೆ?

ಹೇಳಲೇ? ಸಮೀಕ್ಷಾ ಯೋಚಿಸಿದಳು. 'ಇಲ್ಲ' ಎಂದು ಸುಳ್ಳು ಹೇಳಿದವಳು ಅವಳೇ. ಹೇಳಿದರೆ ಪಪ್ಪ ಎಲ್ಲರ ಎದುರೇ ಬಯ್ಯಬಹುದು. ಮೇಡಂ ನಗಬಹುದು. ಸದ್ದಿಲ್ಲದೆ ಕಾಯಿ ತೆಗೆದುಬಿಡೋಣವೆಂದರೆ, ಅದು ಸೀಟಿನ ಹಿಂದಿನ ಸಂದಿಗೆ ಹೋಗಿ ಕೂತಿತ್ತು. ಅವಳ ಕೈಗೆ ಎಟುಕಲಿಲ್ಲ.

ಪಪ್ಪ ಹೊರಗೆ ಬಂದರು. ಶರ್ಟು ಬೆವರಿಗೆ ಬೆನ್ನಿಗಂಟಿತ್ತು. "ನನ್ನಿಂದ ಆಗ್ಲಿಲ್ಲ ಮಗಾ," ಎಂದರು. ದನಿ ಸಣ್ಣದಾಗಿತ್ತು. "ಹಿಂದಿನ ಆಕ್ಸಲೇ ಸರಿ ಕೂತಿಲ್ಲ ಅಂತ ಕಾಣ್ತದೆ. ಬಿಚ್ಚಿ ನೋಡ್ಬೇಕು. ಬಿಚ್ಚಿದ್ರೆ ಇವತ್ತು ಮುಗಿಯೂದಿಲ್ಲ."

ಅವರು ದೊಡ್ಡ ಸ್ಪ್ಯಾನರ್ ಎತ್ತಿಕೊಂಡರು. ಬಗ್ಗಿ ಅದನ್ನು ಹಿಂದಿನ ಬೋಲ್ಟಿಗೆ ಹಾಕಲು ಹೋದರು.

"ಪಪ್ಪಾ, ಸ್ಟಾಪ್! ಬಿಚ್ಬೇಡಿ!" ಅವಳು ಸ್ಪ್ಯಾನರನ್ನೇ ಹಿಡಿದುಕೊಂಡಳು. "ಅದು ಆಕ್ಸಲ್ ಅಲ್ಲ. ಕಾಯಿ. ಸೀಟಿನ ಹಿಂದೆ ಕಾಯಿ ಉಂಟು. ನಾನೇ ಇಟ್ಟದ್ದು. ಸಾರಿ ಪಪ್ಪ, ಸಾರಿ."

ಪಪ್ಪ ಬಿಟ್ಟ ಕಣ್ಣು ಬಿಟ್ಟ ಹಾಗೆ ನಿಂತರು. ಆಮೇಲೆ ಬಗ್ಗಿ, ಸೀಟಿನ ಹಿಂದೆ ಭುಜದವರೆಗೂ ಕೈಹಾಕಿ ತಡಕಾಡಿದರು. ಜುಟ್ಟು ಹಿಡಿದು ಕಾಯಿಯನ್ನು ಎಳೆದು ತೆಗೆದರು.

"ಕಾಯಿಯಾ?" ಎಂದರು. "ಬರೀ ಕಾಯಿಯಾ? ಆಕ್ಸಲ್ ಸರಿ ಉಂಟಾ ಹಾಗಾದ್ರೆ?"

ಬಯ್ಯಲಿಲ್ಲ. ಹಾಗೇ ನೆಲದ ಮೇಲೆ ಕೂತು ನಗತೊಡಗಿದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಗ್ರೀಸಿನ ಕೈಯಲ್ಲೇ ಒರೆಸಿಕೊಂಡು ಮುಖವೆಲ್ಲ ಕಪ್ಪಾಯಿತು. ಅದನ್ನು ನೋಡಿ ಸಮೀಕ್ಷಾಳಿಗೂ ನಗು ಬಂತು, ಅಳುವೂ ಬಂತು.

ಸದ್ದು ಕೇಳಿ ಹಿಬಾ ಮೇಡಂ ಬಂದರು. ಕಾಯಿಯನ್ನು ಕೈಗೆ ತೆಗೆದುಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದರು. "ಇದೇನಾ ಲೂಸ್ ಪಾರ್ಟ್?" ಎಂದು ಗಂಭೀರವಾಗಿ ಕೇಳಿದರು. ಆದರೆ ತುಟಿಯಂಚು ನಗುತ್ತಿತ್ತು. "ನನ್ನ ಅಮ್ಮನ ಊರು ಸಲಾಲಾ. ಅಲ್ಲಿ ಎಲ್ಲರೂ ಇದನ್ನು ಕುಡಿಯುತ್ತಾರೆ. ಕಾರಿಗೆ ಫಿಟ್ ಮಾಡಿದ್ದನ್ನು ಇವತ್ತೇ ನೋಡಿದ್ದು. ಯಲ್ಲಾ, ಗಾಡಿ ತನ್ನಿ!"

ಈ ಸಲ ಕಾಯಿ ಮೇಡಂನ ಮೇಜಿನ ಮೇಲೆ ಕೂತಿತು. ಕಾರು ಮುಂದೆ ಹೋಯಿತು, ನಿಂತಿತು. ಮತ್ತೆ ಹೋಯಿತು, ನಿಂತಿತು. ಸಮೀಕ್ಷಾ ಉಸಿರು ಬಿಗಿಹಿಡಿದು ಕಿವಿಗೊಟ್ಟಳು. ಇಂಜಿನ್ನಿನ ಸದ್ದು ಬಿಟ್ಟರೆ ಬೇರೆ ಸದ್ದೇ ಇರಲಿಲ್ಲ. ಹಿಬಾ ಮೇಡಂ ಕಾರಿನೊಳಗಿನಿಂದಲೇ ಹೆಬ್ಬೆರಳು ಎತ್ತಿ ತೋರಿಸಿದರು.

ಎಲ್ಲ ಕೆಲಸ ಮುಗಿದು, ನಂಬರ್ ಪ್ಲೇಟ್ ಹಾಕಿಸಿಕೊಂಡು, ಕಾಯಿಯನ್ನು ವಾಪಸ್ ತೆಗೆದುಕೊಂಡು ಹೊರಟಾಗ ಬಿಸಿಲು ಇಳಿದಿತ್ತು. ಗೇಟು ದಾಟಿದ ಕೂಡಲೇ ಪಪ್ಪ ಕಾರನ್ನು ಬದಿಗೆ ನಿಲ್ಲಿಸಿದರು.

"ಅಜ್ಜಿಗೆ ವಿಡಿಯೋ ಕಾಲ್ ಹಾಕು. ಕಾಯಿ ಒಡಿ. ಒಂದು ತುಂಡು ಮೇಡಂಗೆ ಕೊಟ್ಟು ಬರುವ."

"ನೀವು ನೆಗಾಡೂದಿಲ್ವಾ?"

ಪಪ್ಪ ಅತ್ತಿತ್ತ ನೋಡಿ, ಉಬ್ಬಿದ ಜೇಬಿಗೆ ಕೈಹಾಕಿದರು. ಹೊರಗೆ ಬಂದದ್ದು ನಟ್ಟೂ ಅಲ್ಲ, ಬೋಲ್ಟೂ ಅಲ್ಲ. ನಾಲ್ಕು ನಿಂಬೆಹಣ್ಣು. ನಾಲ್ಕು ಚಕ್ರಕ್ಕೆ ನಾಲ್ಕು. ಕಾರಿನಡಿ ಮಲಗಿ ಎದ್ದರೂ ಒಂದೂ ಜಜ್ಜಿರಲಿಲ್ಲ.

ಸಮೀಕ್ಷಾ ಪಪ್ಪನ ಮುಖ ನೋಡಿದಳು. ಅವರು ಎಲ್ಲೋ ದೂರದ ಗುಡ್ಡ ನೋಡುತ್ತಿದ್ದರು. ಕಿವಿ ಕೆಂಪಾಗಿತ್ತು.

ಅವಳು ಒಂದು ನಿಂಬೆಹಣ್ಣು ತೆಗೆದುಕೊಂಡು ಹಿಂದಿನ ಚಕ್ರದ ಬಳಿ ಕೂತಳು. ಅದು ಉರುಳದ ಹಾಗೆ, ಎರಡೂ ಕೈಯಿಂದ ಒತ್ತಿ ಇಟ್ಟಳು.