ಬ್ಯಾಳಿ ಕುದಿಯದ ನೀರು

ದ್ರೌಪದಿ ಕೊಡವನ್ನು ಒದ್ದೇಬಿಟ್ಟಳು.

ತುಂಬಿದ ಕೊಡ ಅದು. ಅವಳ ಅಜ್ಜಿ ಬಂಡಮ್ಮ ಮೆಟ್ಟಿಲ ಬಾವಿಯಿಂದ ಹೊತ್ತು ತಂದು, ಆಗಷ್ಟೇ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ನೀರೆಲ್ಲ ಅಂಗಳದ ಫರಸಿ ಕಲ್ಲಿನ ಮೇಲೆ ಹರಿದುಹೋಯಿತು.

"ಸೊಕ್ಕು ಬಂದಾದೇನ ನಿನಗ? ಮೂವತ್ತು ಮೆಟ್ಟಿಲು ಹತ್ತಿ ತಂದೀನಿ," ಅಂದಳು ಬಂಡಮ್ಮ.

"ಯಾರು ತಾ ಅಂದಿದ್ರು ಆಯಿ? ಆ ನೀರು ಕುಡಿಸೇ ಬಾಲ್ಯಾನ ಕಾಲಾಗ ನಾರು ಎಬ್ಬಿಸಿದಿ. ಇನ್ನಾ ಅದೇ ನೀರು ತರ್ತಿ."

ಒಳಗೆ ಚಾಪೆಯ ಮೇಲೆ ಅವಳ ತಮ್ಮ, ಏಳು ವರ್ಷದ ಬಾಲರಾಜ ನರಳುತ್ತಿದ್ದ. ನಾರು ಹುಣ್ಣು ಅಂದರೆ ಸುಮ್ಮನೆ ಹುಣ್ಣಲ್ಲ. ಕಾಲಿನಲ್ಲಿ ಬೊಬ್ಬೆ ಎದ್ದು ಒಡೆಯುತ್ತದೆ. ಒಳಗಿಂದ ಬಿಳಿ ದಾರದಂಥ ಹುಳ ಇಣುಕುತ್ತದೆ. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಒಂದೆರಡು ಬೆರಳಿನಷ್ಟು ಮಾತ್ರ ಹೊರಗೆ ತೆಗೆಯಬೇಕು. ಬಾಲರಾಜ ಇಪ್ಪತ್ತು ದಿನದಿಂದ ಶಾಲೆಗೆ ಹೋಗಿರಲಿಲ್ಲ. ಹುಳ ಒಳಗೇ ತುಂಡಾದರೆ ಹುಡುಗ ಕುಂಟಬೇಕಾದೀತು ಎಂದು ನರ್ಸ್ ಪಾರ್ವತಿಬಾಯಿ ಹೇಳಿ ಹೋಗಿದ್ದರು.

ದ್ರೌಪದಿಗೆ ಮೈಯೆಲ್ಲ ಉರಿಯುತ್ತಿತ್ತು. ದಸರೆಯ ಹೊತ್ತಿಗೆ ಊರ ನಡುವೆ ಬೋರಿಂಗ್ ಹಾಕಿದ್ದರು. ಹ್ಯಾಂಡಲ್ ಒತ್ತಿದರೆ ನೀರು. ಹುಳ ಇಲ್ಲ, ಮೆಟ್ಟಿಲೂ ಇಲ್ಲ. ದೇಶ ದೇಶದವರು ಕೂಡಿ, ಹತ್ತು ವರ್ಷದೊಳಗೆ ಎಲ್ಲರಿಗೂ ಒಳ್ಳೆಯ ನೀರು ಕೊಡಬೇಕೆಂದು ಹೊರಟಿದ್ದಾರೆ ಎಂದು ಐದನೆಯ ಕ್ಲಾಸಿನ ಸರ್ ಹೇಳಿದ್ದರು. ಅಷ್ಟು ದೂರದವರಿಗೆ ಇದ್ದ ಕಾಳಜಿ ಮನೆಯ ಮುದುಕಿಗೆ ಇಲ್ಲವಲ್ಲ ಎಂದು ಅವಳು ಹಲ್ಲು ಕಡಿದಳು.

"ಬೋರಿಂಗ್ ನೀರಾಗ ಬ್ಯಾಳಿ ಕುದಿಯಂಗಿಲ್ಲವ್ವಾ," ಅಂದಳು ಬಂಡಮ್ಮ.

"ನಿಂಗ ಬಾಲ್ಯಾನ ಕಾಲು ಹೆಚ್ಚೋ, ಬ್ಯಾಳಿ ಹೆಚ್ಚೋ?"

ಬಂಡಮ್ಮ ಖಾಲಿ ಕೊಡ ಎತ್ತಿಕೊಂಡು ಮತ್ತೆ ಬಾವಿಯ ಕಡೆಗೇ ನಡೆದಳು.

ಮಧ್ಯಾಹ್ನ ತಾಂಡೂರಿನ ಕಡೆಯಿಂದ ಜೀಪು ಬಂತು. ಪಾರ್ವತಿಬಾಯಿಯ ಜೊತೆಗೆ ಎತ್ತರದ, ಕಪ್ಪನೆಯ ಡಾಕ್ಟರೊಬ್ಬರು ಇಳಿದರು. ಹೆಸರು ಮೆನ್ಸಾ, ಆಫ್ರಿಕಾದ ಘಾನಾ ದೇಶದವರು. ನಾರು ಹುಣ್ಣನ್ನು ಇಲ್ಲದಂತೆ ಮಾಡುವ ಕೆಲಸಕ್ಕೆ ಬಂದವರು. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಪಾರ್ವತಿಬಾಯಿ ಕನ್ನಡದಲ್ಲಿ ಹೇಳುತ್ತಿದ್ದರು.

ಬೋರಿಂಗ್ ಹತ್ತಿರ ಊರೆಲ್ಲ ಸೇರಿತು. ಸರಪಂಚ ವೀರಪ್ಪ ಕೈಮುಗಿದು ಮುಂದೆ ಬಂದರು. "ನಮ್ಮೂರಾಗ ಎಲ್ಲಾರೂ ಇದೇ ನೀರು ಕುಡೀತಾರ್ರಿ ಸಾಹೇಬ್ರ," ಅಂದರು.

ದ್ರೌಪದಿಗೆ ತಡೆಯಲಾಗಲಿಲ್ಲ.

"ಸುಳ್ಳದರಿ. ಯಾರೂ ಕುಡಿಯಂಗಿಲ್ರಿ. ನಮ್ಮ ಆಯಿ ಇವತ್ತೂ ಬಾವಿ ನೀರೇ ತಂದಾಳ. ಕೇಳಿದ್ರ ಬ್ಯಾಳಿ ಕುದಿಯಂಗಿಲ್ಲ ಅಂತಾಳ."

"ಏ ಹುಡುಗೀ, ನಾಲಿಗಿ ಭಾಳ ಉದ್ದ ಆತು ನಿಂದು," ಎಂದು ಯಾರೋ ಗದರಿದರು. ದ್ರೌಪದಿ ಹಿಂದೆ ಸರಿಯಲಿಲ್ಲ. ಡಾಕ್ಟರು ಆಯಿಗೆ ಎಲ್ಲರೆದುರು ಚೆನ್ನಾಗಿ ಬೈಯಲಿ, ಬುದ್ಧಿ ಬರಲಿ ಎಂದು ಕಾದಳು.

ಡಾಕ್ಟರು ಬೈಯಲಿಲ್ಲ. ಎರಡು ಗಡಿಗೆ ತರಿಸಿದರು. ಕಲ್ಲು ಹೂಡಿ ಒಲೆ ಹಚ್ಚಿಸಿದರು. ಒಂದಕ್ಕೆ ಬೋರಿಂಗ್ ನೀರು, ಇನ್ನೊಂದಕ್ಕೆ ಬಾವಿ ನೀರು ಹಾಕಿಸಿ, ಎರಡಕ್ಕೂ ಒಂದೊಂದು ಹಿಡಿ ತೊಗರಿ ಬೇಳೆ ಹಾಕಿಸಿದರು. ತಾಸು ಕಳೆಯಿತು. ಬಾವಿ ನೀರಿನ ಬೇಳೆ ಬೆಂದು ಬೆಣ್ಣೆಯಾಯಿತು. ಬೋರಿಂಗ್ ನೀರಿನ ಬೇಳೆ ಮಾತ್ರ ಗಟ್ಟಿಯಾಗಿಯೇ ಉಳಿಯಿತು. ಡಾಕ್ಟರು ಒಂದು ಕಾಳು ಬಾಯಿಗೆ ಹಾಕಿಕೊಂಡು ಕಟಕ್ಕೆಂದು ಕಡಿದರು.

"ಅಜ್ಜಿ ಹೇಳಿದ್ದು ಖರೇ ಅದ ಅಂತ," ಎಂದು ಪಾರ್ವತಿಬಾಯಿ ಹೇಳಿದರು. "ಇದು ಸುಣ್ಣಕಲ್ಲಿನ ನೆಲ. ಇಲ್ಲಿ ಬೋರಿಂಗ್ ನೀರು ಗಡಸು."

"ಆರು ತಿಂಗಳಾತ್ರಿ," ಅಂದಳು ಬಂಡಮ್ಮ. "ಕುಡೀರಿ ಕುಡೀರಿ ಅಂತ ಎಲ್ಲಾರೂ ಹೇಳೋರೇ. ಯಾಕ ಒಯ್ಯಲ್ಲ ಅಂತ ಒಬ್ರರೆ ಕೇಳಿದ್ರೇನ್ರಿ?"

ಡಾಕ್ಟರು ತಲೆಯಾಡಿಸಿ ಅದನ್ನು ಬರೆದುಕೊಂಡರು. ಆಮೇಲೆ ಪ್ಯಾಂಟು ಮಡಚಿ ಮೊಣಕಾಲ ಕೆಳಗಿನ ಹಳೆಯ ಗಾಯದ ಗುರುತು ತೋರಿಸಿದರು. ಚಿಕ್ಕವರಿದ್ದಾಗ ಅವರಿಗೂ ನಾರು ಆಗಿತ್ತಂತೆ. ಕುಡಿಯಲು ಬೋರಿಂಗ್ ನೀರನ್ನೇ ಒಯ್ಯಿರಿ, ಬೇಳೆಗೆ ಬಾವಿ ನೀರು ಬೇಕೇ ಬೇಕೆಂದರೆ ಎರಡು ಪದರ ಬಟ್ಟೆಯಲ್ಲಿ ಸೋಸಿರಿ, ನಾರು ಇದ್ದವರು ಮಾತ್ರ ಬಾವಿಗೆ ಕಾಲಿಡಲೇಬೇಡಿರಿ ಎಂದರು. ಕಾಲು ನೀರಿಗೆ ಬಿದ್ದ ಕೂಡಲೇ ಆ ಹುಳ ಸಾವಿರಾರು ಮರಿ ಬಿಡುತ್ತದೆ. ಆ ನೀರು ಕುಡಿದವರಿಗೆ ಒಂದು ವರ್ಷದ ಮೇಲೆ ನಾರು ಏಳುತ್ತದೆ.

"ಹೋದ ವರ್ಷ ಇದೇ ದಿನದಾಗ ನಾರು ಆಗಿ ಬಾವ್ಯಾಗ ಇಳದೋರು ಯಾರು ಅಂತ ಕೇಳ್ಲತ್ತಾರ," ಅಂದರು ಪಾರ್ವತಿಬಾಯಿ.

ದ್ರೌಪದಿ ತನ್ನ ಕಾಲು ನೋಡಿಕೊಂಡಳು.

ಹೋದ ವರ್ಷ ನಾರು ಆಗಿದ್ದು ಅವಳಿಗೆ. ಕಾಲು ಬೆಂಕಿಯಲ್ಲಿಟ್ಟಂತೆ ಉರಿಯುತ್ತಿತ್ತು. ದಿನಾ ಸಂಜೆ ಬಾವಿಯ ಕೊನೆಯ ಮೆಟ್ಟಿಲಲ್ಲಿ ಕುಳಿತು ಕಾಲು ಇಳಿಬಿಡುತ್ತಿದ್ದಳು. ಬಾಲ್ಯಾ ಪಕ್ಕದಲ್ಲೇ ಕುಳಿತು ಬೊಗಸೆಯಲ್ಲಿ ನೀರು ಕುಡಿಯುತ್ತಿದ್ದ. ಆಗ ಊರಲ್ಲಿ ಬೋರಿಂಗೂ ಇರಲಿಲ್ಲ.

ಅವಳು ಆಯಿಯ ಮುಖ ನೋಡಿದಳು. ಆಯಿಗೆ ಗೊತ್ತಿತ್ತು. ಈಗ ಹೇಳುತ್ತಾಳೆ, ಬೆಳಿಗ್ಗೆ ಒದ್ದ ಕೊಡದ ಸಿಟ್ಟೂ ಸೇರಿಸಿ ಹೇಳುತ್ತಾಳೆ.

"ಯಾರು ಅಂತ ಹೇಳ್ಬೇಕ್ರಿ," ಅಂದಳು ಬಂಡಮ್ಮ, ಗಡಿಗೆ ಇಳಿಸುತ್ತ. "ಊರಾಗ ಭಾಳ ಮಂದಿಗಿ ಆಗಿತ್ತು."

ಆ ರಾತ್ರಿ ದ್ರೌಪದಿ ತಮ್ಮನ ಕಡೆಗೆ ಬೆನ್ನು ಮಾಡಿ ಮಲಗಿದಳು. ಎಷ್ಟು ಹೊತ್ತಾದರೂ ಕಣ್ಣು ಹತ್ತಲಿಲ್ಲ.

ಮರುದಿನ ಬೆಳಿಗ್ಗೆ ಆಯಿಗಿಂತ ಮೊದಲೇ ಕೊಡ ಎತ್ತಿಕೊಂಡು, ನೀರು ಸೋಸಲು ಅಪ್ಪನ ಹಳೆಯ ಧೋತರ ಹೆಗಲಿಗೆ ಹಾಕಿಕೊಂಡು ಬಾವಿಗೆ ಹೋದಳು. ಅಲ್ಲಿ ಜಗಳ ನಡೆದಿತ್ತು. ಪಕ್ಕದ ಮನೆಯ ಕಾಶಪ್ಪ ಕಾಲಿಗೆ ಕಡ್ಡಿ ಕಟ್ಟಿಕೊಂಡು, ಕುಂಟುತ್ತ ಮೆಟ್ಟಿಲು ಇಳಿಯುತ್ತಿದ್ದ. ನೀರಿಗೆ ಬಂದ ಹೆಂಗಸರು ಬಾಯಿಗೆ ಬಂದಂತೆ ಬೈಯುತ್ತಿದ್ದರು.

ದ್ರೌಪದಿ ಓಡಿ ಹೋಗಿ ಅಡ್ಡ ನಿಂತಳು. ಅವಳ ಬಾಯಲ್ಲೂ ಬೈಗುಳ ತಯಾರಿತ್ತು.

"ಸರಿ ಆಕಡಿ. ನಿಮ್ಮಪ್ಪನ ಬಾವಿ ಏನ ಇದು? ಉರಿ ಏನಂತ ನಿಮಗೇನ್ ಗೊತ್ತು," ಎಂದು ಕಾಶಪ್ಪ ಗುಡುಗಿದ. ಅವನ ಕಣ್ಣಲ್ಲಿ ನೀರಿತ್ತು.

ಅವಳು ಬೈಗುಳ ನುಂಗಿ ಅವನ ಕಾಲು ನೋಡಿದಳು.

"ನಂಗ ಗೊತ್ತದರಿ ಕಾಕಾ," ಅಂದಳು ದ್ರೌಪದಿ. "ಹೋದ ವರ್ಷ ನಾ ಇಳದಿದ್ದೆ. ನನ್ನಿಂದಾನೇ ಬಾಲ್ಯಾಗ ಆಗ್ಯದ."

ಹೆಂಗಸರು ಕೊಡ ಇಳಿಸಿ ಅವಳ ಕಡೆಗೆ ತಿರುಗಿದರು. 

"ಮ್ಯಾಲ ಕೂಡ್ರಿ ಕಾಕಾ. ನೀರು ನಾ ತರ್ತೀನಿ."

ಕಾಶಪ್ಪ ಅವಳನ್ನೇ ನೋಡಿದ. ಆಮೇಲೆ ಒಂದೊಂದೇ ಮೆಟ್ಟಿಲು ಹತ್ತಿ ಹೋಗಿ, ಬಾವಿಯಿಂದ ದೂರ ಬೇಲಿಯ ಹತ್ತಿರ ಕಾಲು ಚಾಚಿ ಕುಳಿತ. ದ್ರೌಪದಿ ಕೊಡ ತುಂಬಿ ತಂದು ಹುಣ್ಣಿನ ಮೇಲೆ ಸಣ್ಣ ಧಾರೆಯಾಗಿ ನೀರು ಬಿಟ್ಟಳು. ಅವನು ಕಣ್ಣು ಮುಚ್ಚಿದ.

"ಕಮ್ಮಿ ಆತೇನ್ರಿ?"

"ಇನ್ನಾ ಜರಾ ಹಾಕವ್ವಾ."

ಅವಳು ಮತ್ತೆ ಮೂವತ್ತು ಮೆಟ್ಟಿಲು ಇಳಿದಳು.