ಹಿಂದೆ ಬರುವವರು

ಚಿಕ್ಕಂದಿನಲ್ಲಿ ನಮ್ಮ ಮನೆಯ ತುಂಬ ಬಿಸಿ ಡಾಂಬರಿನ ವಾಸನೆ. ಮುತ್ತತ್ತಿಯಲ್ಲಿ ನಮ್ಮಣ್ಣ ಕರಿಯಪ್ಪ ಹರಿಗೋಲಿಗೆ ನೀರು ಒಸರದಂತೆ ಅದನ್ನೇ ಬಳಿಯುತ್ತಿದ್ದ. ಹೊಳೆಯಲ್ಲಿ ಎಲ್ಲ ಹರಿಗೋಲುಗಳ ಹಿಂದೆ ಹುಟ್ಟು ಹಾಕಿಕೊಂಡು ಬಂದು, ಎಲ್ಲರೂ ದಡ ಸೇರಿದ ಮೇಲೆಯೇ ಉಣ್ಣುತ್ತಿದ್ದ. ಒಂದು ದಿನ ಅವನೇ ದಡ ಸೇರಲಿಲ್ಲ. ಹೆಣವೂ ಸಿಗಲಿಲ್ಲ. ಐವತ್ತೆರಡು ವರ್ಷವಾಯಿತು.

ಕಳೆದ ಜನವರಿಯಲ್ಲಿ ನನ್ನ ಮೊಮ್ಮಗಳು ಕವಿತ, ಹುಟ್ಟು ಹಾಕಿ ಪಳಗಿದ ಎಂಟು ಮಂದಿಯನ್ನು ಒಬ್ಬೊಬ್ಬರೇ ಕೂರುವ ಕಯಾಕ್ ದೋಣಿಗಳಲ್ಲಿ ಅದೇ ಹೊಳೆಗೆ ಇಳಿಸಿದಳು. ಅವಳು ಮುಂದೆ, ಜೊತೆಗಾರ ಶಾಕಿರ್ ಎಲ್ಲರ ಹಿಂದೆ. ನಾನು ದಡದಲ್ಲಿ ಬುತ್ತಿ ಇಟ್ಟುಕೊಂಡು ಕಾದಿದ್ದೆ. ಎಲ್ಲರೂ ಬಂದು ಊಟಕ್ಕೆ ಕೂತರು. ಶಾಕಿರ್ ಮಾತ್ರ ಪೊಟ್ಟಣ ಬಿಚ್ಚಲಿಲ್ಲ.

“ಯಾಕಪ್ಪ, ಉಣ್ಣಲ್ವಾ?”

“ಹಿಂದಿರೋರು ಬರ್ಲಿ ಕಣಜ್ಜಿ.”

“ಲೇ, ಎಲ್ಲಾರ್ಗಿಂತ ಹಿಂದಿದ್ದೋನು ನೀನೇ ಕಣ್ಲಾ! ನೀರು ಕುಡ್ದು ತಲೆ ಕೆಟ್ಟೋಯ್ತಾ?” ಕವಿತ ನಕ್ಕಳು.

“ಸುಳೀಲಿ ಮಗುಚ್ಕಂಡಿದ್ದೆ. ಯಾರೋ ಒಬ್ರು ದೋಣಿ ಹಿಡ್ದು ಎತ್ತುದ್ರು. ‘ನೀ ನಡಿ, ನಾ ಹಿಂದೆ ಬತ್ತೀನಿ’ ಅಂದ್ರು.”

ಅವಳ ನಗು ನಿಂತಿತು. ಹತ್ತೂ ದೋಣಿ ದಡದಲ್ಲಿದ್ದವು, ಹೊಳೆ ಖಾಲಿಯಿತ್ತು. ಶಾಕಿರನ ಹಳದಿ ಪ್ಲಾಸ್ಟಿಕ್ ದೋಣಿಯ ಹಿಂಬದಿಯಲ್ಲಿ ಕಪ್ಪು ಅಂಗೈ ಗುರುತು. ಮುಟ್ಟಿ ನೋಡಿದೆ. ಡಾಂಬರು, ಇನ್ನೂ ಬಿಸಿಯಾಗಿತ್ತು.

ಸಂಜೆಯವರೆಗೆ ಕಾದೆವು. ಯಾರೂ ಬರಲಿಲ್ಲ. ಹೊರಡುವಾಗ ಶಾಕಿರ್, “ಅವ್ರಿಗೆ ಕಣಜ್ಜಿ” ಅಂತ ಬಿಚ್ಚದ ತನ್ನ ಪೊಟ್ಟಣವನ್ನು ನನ್ನ ಕೈಗಿಟ್ಟ.